ವಾರ್ಡ್ ಚುನಾವಣೆಯಲ್ಲಿ ಮತ ಪ್ರಮಾಣ ಹೆಚ್ಚಿಸುವುದು ಹೇಗೆ: ಓಣಿಯ ನಾಲ್ಕಾರು ಜನರಿಗೊಂದು ಕೈಪಿಡಿ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರ್ 3ರಂದು ಚುನಾವಣೆ ನಡೆದಾಗ ಮತಗಟ್ಟೆಗೆ ಬಂದವರು ಶೇ 54ರ ಆಸುಪಾಸು. ಅದೇ ದಿನ ಮತದಾನ ನಡೆದ ಬೆಳಗಾವಿ ಮತ್ತು ಕಲಬುರಗಿ ಪಾಲಿಕೆಗಳಲ್ಲಿಯೂ ಸರಿಸುಮಾರು ಅರ್ಧದಷ್ಟು ಮತದಾರರು ಮನೆಯಲ್ಲೇ ಉಳಿದರು. ಅದಕ್ಕೆ ಸುಮಾರು ಒಂಬತ್ತು ತಿಂಗಳು ಮೊದಲು, 2020ರ ಡಿಸೆಂಬರ್‌ನಲ್ಲಿ, ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತಗಳಲ್ಲಿ ಮತದಾನವಾದಾಗ ಪ್ರಮಾಣ ಶೇ 80ನ್ನು ದಾಟಿತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಸರಾಸರಿ ಶೇ 73ರಷ್ಟಿತ್ತು. ಪಾಲಿಕೆ ಚುನಾವಣೆಗೆ ಕೊರೊನಾ ಅಡ್ಡಿಯಾಯಿತು ಎಂದು ಕೆಲವರು ಹೇಳುತ್ತಾರೆ. ಆದರೆ ಹಳ್ಳಿಯ ಜನ ಸಾಲುಗಟ್ಟಿ ನಿಂತಿದ್ದೂ ಕೊರೊನಾ ಕಾಲದಲ್ಲಿಯೇ.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಜನರಿಗೆ ಮತದ ಬೆಲೆ ತಿಳಿದಿಲ್ಲ, ಆದ್ದರಿಂದ ಜಾಗೃತಿ ಮೂಡಿಸಬೇಕು ಎಂಬ ಮಾಮೂಲು ಮಾತು ನಿಲ್ಲುವುದಿಲ್ಲ. ವಿಧಾನಸಭೆಗೆ ಮತ ಹಾಕುವ ಮನುಷ್ಯನೇ ಪಾಲಿಕೆಯ ದಿನ ಮನೆಯಿಂದ ಹೊರಬೀಳುವುದಿಲ್ಲ. ಅವನಿಗೆ ಮತದಾನ ಗೊತ್ತು, ವಾರ್ಡ್ ಗೊತ್ತಿಲ್ಲ. ತನ್ನ ವಾರ್ಡಿನ ಸಂಖ್ಯೆ ಎಷ್ಟು, ನಿಂತವರು ಯಾರು, ಗೆದ್ದವರಿಂದ ಯಾವ ಕೆಲಸ ಆಗುತ್ತದೆ, ತನ್ನ ಹೆಸರು ಯಾವ ಶಾಲೆಯ ಯಾವ ಕೊಠಡಿಯ ಪಟ್ಟಿಯಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳಿಗೂ ಅವನ ಬಳಿ ಉತ್ತರವಿರುವುದಿಲ್ಲ. ಹಳ್ಳಿಯಲ್ಲಿ ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯನಿರುವುದರಿಂದ ನಿಂತವನು ಒಂದೋ ನೆರೆಯವನು, ಇಲ್ಲವೇ ನೆಂಟ. ಅಲ್ಲಿ ಮತ ಹಾಕದೆ ಉಳಿದರೆ ಮರುದಿನ ಮುಖ ತೋರಿಸುವುದು ಕಷ್ಟ. ಹುಬ್ಬಳ್ಳಿ-ಧಾರವಾಡದಲ್ಲಿ 2021ರ ಚುನಾವಣೆಯ ವೇಳೆಗೆ ಸುಮಾರು ಎಂಟು ಲಕ್ಷ ಮತದಾರರು 82 ವಾರ್ಡುಗಳಲ್ಲಿ ಹಂಚಿಹೋಗಿದ್ದರು, ಅಂದರೆ ಒಬ್ಬ ಸದಸ್ಯನಿಗೆ ಹತ್ತು ಸಾವಿರದಷ್ಟು ಮತದಾರರು. ಈ 82 ಎಂಬುದೂ ಆಗ ಹೊಸ ಸಂಖ್ಯೆ. ಮೊದಲು ಇದ್ದದ್ದು 67 ವಾರ್ಡುಗಳು. ಗಡಿಗಳು ಬದಲಾದಾಗ ಹಳೆಯ ಗುರುತುಗಳೂ ಕಳಚಿಕೊಂಡವು.

ಇನ್ನೊಂದು ಕಾರಣವನ್ನೂ ಮರೆಯಬಾರದು. 2013ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು, ಮುಂದಿನ ಚುನಾವಣೆ ನಡೆದದ್ದು 2021ರಲ್ಲಿ, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಮೇಯರ್ ಇಲ್ಲದೆಯೂ ಊರು ಹೇಗೋ ನಡೆದದ್ದನ್ನು ಕಂಡವರು ‘ಹಂಗಾರ ಮೆಂಬರ್ ಯಾಕ ಬೇಕ್ರಿ?’ ಎಂದು ಕೇಳಿದರೆ ಅದನ್ನು ಉಡಾಫೆ ಎಂದು ತಳ್ಳಿಹಾಕಲಾಗದು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಅದನ್ನು ಪಾಲಿಸದೆ ಬಿಟ್ಟವರು ಮತದಾರರಲ್ಲ.

ಆದ್ದರಿಂದ ಜಾಥಾ, ರಂಗೋಲಿ ಸ್ಪರ್ಧೆ, ಸಹಿ ಸಂಗ್ರಹದ ಫಲಕಗಳನ್ನು ಈ ಬರಹದಲ್ಲಿ ಹುಡುಕಬೇಡಿ. ಅವುಗಳನ್ನು ಮತದಾರರ ಜಾಗೃತಿಗೆಂದೇ ಇರುವ ಜಿಲ್ಲಾ ಸ್ವೀಪ್ ಸಮಿತಿ ಹೇಗೂ ಮಾಡುತ್ತದೆ. ಒಂದು ವಾರ್ಡಿನ ಐದಾರು ನಿವಾಸಿಗಳು, ಯಾವ ಪಕ್ಷದ ಹಂಗೂ ಇಲ್ಲದೆ, ಚುನಾವಣೆಗೆ ಆರು ತಿಂಗಳು ಮೊದಲಿನಿಂದ ಏನು ಮಾಡಬಹುದು ಎಂಬುದಷ್ಟೇ ಇಲ್ಲಿದೆ.

ಮೊದಲು ಪಟ್ಟಿ

ಎಲ್ಲ ಕೆಲಸವೂ ಮತದಾರರ ಪಟ್ಟಿಯಿಂದ ಆರಂಭವಾಗಬೇಕು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆದರೆ ಅದು ಬಳಸುವ ಪಟ್ಟಿ ಭಾರತ ಚುನಾವಣಾ ಆಯೋಗವು ಸಿದ್ಧಪಡಿಸಿದ ವಿಧಾನಸಭಾ ಕ್ಷೇತ್ರದ ಪಟ್ಟಿಯೇ. ಅದನ್ನು ವಾರ್ಡುವಾರು ಒಡೆದು ಜೋಡಿಸುತ್ತಾರೆ, ಅಷ್ಟೇ. ಇದರಿಂದ ಎರಡು ಮಾತು ಹೊರಡುತ್ತವೆ. ವಿಧಾನಸಭಾ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ವಾರ್ಡಿನ ಪಟ್ಟಿಯಲ್ಲಿಯೂ ಹೆಸರಿರುವುದಿಲ್ಲ, ಆದ್ದರಿಂದ ಹೆಸರು ಸೇರಿಸುವ ಕೆಲಸ ಪಾಲಿಕೆ ಚುನಾವಣೆಯ ಗದ್ದಲ ಆರಂಭವಾಗುವುದಕ್ಕೆ ಬಹಳ ಮೊದಲೇ ಮುಗಿಯಬೇಕು. ಎರಡನೆಯದಾಗಿ, ಪಟ್ಟಿಯನ್ನು ಒಡೆಯುವಾಗ ವಾರ್ಡಿನ ಗಡಿಯಲ್ಲಿರುವ ಮನೆಗಳು ಪಕ್ಕದ ವಾರ್ಡಿಗೆ ಹಾರಿಹೋಗುತ್ತವೆ. ಒಂದೇ ಮನೆಯ ಗಂಡ ಒಂದು ವಾರ್ಡಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಇರುವುದು ನಮ್ಮ ಊರಿನಲ್ಲಿ ಕೇಳರಿಯದ ಸಂಗತಿಯಲ್ಲ.

ಭಾರತ ಚುನಾವಣಾ ಆಯೋಗದ ಜಾಲತಾಣದಿಂದ ನಿಮ್ಮ ಭಾಗದ ಪಟ್ಟಿಯನ್ನು ಇಳಿಸಿಕೊಂಡು, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಮೊಬೈಲ್ ಪರದೆಯ ಮೇಲೆ ಈ ಕೆಲಸ ಸಾಗುವುದಿಲ್ಲ. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಎಪಿಕ್ ಅಂದರೆ ಮತದಾರರ ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಇರುತ್ತವೆ. ಮನೆ ಸಂಖ್ಯೆಯ ಕ್ರಮದಲ್ಲಿ ಪಟ್ಟಿ ಸಾಗುತ್ತದೆ ಎಂದು ನಂಬಿ ಹೊರಟರೆ ಮೊದಲ ಓಣಿಯಲ್ಲಿಯೇ ದಾರಿ ತಪ್ಪುತ್ತದೆ. ಒಂದು ಹೆಸರಿನ ಮುಂದೆ ಪ್ಲಾಟ್ ಸಂಖ್ಯೆ, ಮತ್ತೊಂದರ ಮುಂದೆ ಹಳೆಯ ಸಿಟಿಎಸ್ (ನಗರ ಸರ್ವೆ) ಸಂಖ್ಯೆ, ಮಗದೊಂದರ ಮುಂದೆ ಬರೀ ಸೊನ್ನೆ ಇರಬಹುದು. ಅದಕ್ಕೇ ಓಣಿಯಲ್ಲಿ ಬಹುಕಾಲದಿಂದ ಇರುವ ಒಬ್ಬ ಹಿರಿಯರನ್ನೋ, ಅಂಗನವಾಡಿ ಕಾರ್ಯಕರ್ತೆಯನ್ನೋ, ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕೂರಿಸಿಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಬೇಕು. ‘ಇವರು ಮಗನ ಕಡೆ ಪುಣೆಕ ಹೋಗ್ಯಾರ’, ‘ಇವರು ತೀರಿಕೊಂಡು ಮೂರು ವರ್ಷಾತು’, ‘ಈ ಹುಡುಗಿ ಲಗ್ನಾಗಿ ರಾಣೆಬೆನ್ನೂರಿಗೆ ಹೋದ್ಲು’ ಎಂದು ಅವರು ಹೇಳುತ್ತ ಹೋದಂತೆ ಇರುವವರಿಗೆ ಒಂದು ಗುರುತು, ಊರು ಬಿಟ್ಟವರಿಗೆ ಒಂದು, ತೀರಿಕೊಂಡವರಿಗೆ ಮತ್ತೊಂದು ಗುರುತು ಹಾಕಿ.

ಈ ಓದು ಮುಗಿದಾಗ ಮತ ಪ್ರಮಾಣದ ಲೆಕ್ಕವೇ ಬೇರೆಯಾಗಿ ಕಾಣತೊಡಗುತ್ತದೆ. ಉದಾಹರಣೆಗೆ, ಒಂದು ಮತಗಟ್ಟೆಯ ಪಟ್ಟಿಯಲ್ಲಿ 1,000 ಹೆಸರುಗಳಿವೆ, 500 ಮತಗಳು ಬಿದ್ದಿವೆ ಎಂದುಕೊಳ್ಳೋಣ. ಪ್ರಮಾಣ ಶೇ 50. ಆ ಸಾವಿರದಲ್ಲಿ 150 ಜನ ತೀರಿಕೊಂಡವರು, ಬೇರೆ ಊರಿಗೆ ಹೋದವರು, ಎರಡು ಬಾರಿ ನಮೂದಾದವರು ಎಂದಾದರೆ ನಿಜವಾಗಿ ಇರುವ 850 ಜನರಲ್ಲಿ 500 ಮಂದಿ, ಅಂದರೆ ಶೇ 59ರಷ್ಟು ಜನ ಬಂದಿದ್ದಾರೆ. ಉಳಿದ 350 ಜನರನ್ನು ಕುರಿತು ಮಾತ್ರ ನೀವು ತಲೆ ಕೆಡಿಸಿಕೊಳ್ಳಬೇಕು. ನಗರದ ಕಡಿಮೆ ಮತದಾನದ ಒಂದು ಪಾಲು ಹೀಗೆ ಪಟ್ಟಿಯ ಬೊಜ್ಜಿನಿಂದ ಬಂದದ್ದು. ಅದನ್ನು ಜನರ ನಿರಾಸಕ್ತಿಯ ಖಾತೆಗೆ ಬರೆಯುವುದು ಅನ್ಯಾಯ.

ಹೆಸರು ಸೇರಿಸಲು ನಮೂನೆ 6, ಬೇರೆಡೆಯಿಂದ ವಿಳಾಸ ಬದಲಿಸಲು ಅಥವಾ ತಪ್ಪು ತಿದ್ದಲು ನಮೂನೆ 8, ಹೆಸರು ತೆಗೆಯಲು ನಮೂನೆ 7. ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ಅರ್ಹತಾ ದಿನಾಂಕಗಳಿರುವುದರಿಂದ, 18 ತುಂಬುವ ಮಕ್ಕಳು ಮುಂದಿನ ಜನವರಿಯವರೆಗೆ ಕಾಯಬೇಕಿಲ್ಲ. 17 ದಾಟಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹೆಸ್ಕಾಂನ ವಿದ್ಯುತ್ ಬಿಲ್ಲು ಅಥವಾ ನೀರಿನ ಬಿಲ್ಲು, ನೋಂದಾಯಿತ ಬಾಡಿಗೆ ಕರಾರು ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಬಾಡಿಗೆ ಮನೆಯವರ ಕಷ್ಟ ಇಲ್ಲಿಯೇ ಇರುವುದು. ಬಿಲ್ಲು ಮಾಲೀಕರ ಹೆಸರಿನಲ್ಲಿರುತ್ತದೆ, ಕರಾರು ನೋಂದಣಿಯಾಗಿರುವುದಿಲ್ಲ, ಆಧಾರ್‌ನಲ್ಲಿ ಇನ್ನೂ ಸವಣೂರಿನದೋ ನರಗುಂದದ್ದೋ ವಿಳಾಸ. ಇಂಥವರು ಮೊದಲು ಆಧಾರ್ ವಿಳಾಸ ಬದಲಿಸಿಕೊಂಡು ನಂತರ ನಮೂನೆ 8 ಕೊಡುವುದು ಸುಲಭದ ದಾರಿ. ಅದಕ್ಕೆ ವಾರಗಳು ಹಿಡಿಯುವುದರಿಂದಲೇ ಆರು ತಿಂಗಳ ಮುಂಚಿನ ಮಾತು ಹೇಳಿದ್ದು.

ನಮೂನೆ 7ರ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನಿಮ್ಮ ಗುಂಪು ಕಂತೆಗಟ್ಟಲೆ ನಮೂನೆ 7 ತುಂಬಿ ಕೊಡಬಾರದು. ಬದುಕಿರುವವರ ಹೆಸರು ಅಳಿಸಿಹೋದರೆ ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ, ಸುಳ್ಳು ಘೋಷಣೆಗೆ ಕಾನೂನಿನಲ್ಲಿ ಶಿಕ್ಷೆಯೂ ಇದೆ. ತೀರಿಕೊಂಡವರ, ಊರು ಬಿಟ್ಟವರ ಮಾಹಿತಿಯನ್ನು ಒಂದು ಹಾಳೆಯಲ್ಲಿ ಬರೆದು ಮತಗಟ್ಟೆ ಮಟ್ಟದ ಅಧಿಕಾರಿಗೆ, ಎಲ್ಲರೂ ಕರೆಯುವಂತೆ ಬಿಎಲ್‌ಒಗೆ, ತಲುಪಿಸಿ. ಸ್ಥಳ ಪರಿಶೀಲನೆ ಅವರ ಹೊಣೆ. ಬಿಎಲ್‌ಒ ಸಾಮಾನ್ಯವಾಗಿ ಹತ್ತಿರದ ಶಾಲೆಯ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಅವರನ್ನು ದೂರುವವರು ಬಹಳ, ನೆರವಾಗುವವರು ಕಡಿಮೆ. ಸಂಜೆ ಒಂದು ತಾಸು ಅವರ ಜೊತೆ ಓಣಿ ಸುತ್ತಿ ಮನೆ ತೋರಿಸಿದರೆ, ಯಾವ ಮನವಿ ಪತ್ರಕ್ಕೂ ಆಗದ ಕೆಲಸ ಆಗುತ್ತದೆ.

ಧಾರವಾಡದ ಸಪ್ತಾಪುರದಂಥ ಕಡೆ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. ಅಲ್ಲಿನ ಪಿಜಿಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರಲ್ಲಿ ಬಹುತೇಕರ ಹೆಸರು ತಮ್ಮ ತಮ್ಮ ಹಳ್ಳಿಗಳಲ್ಲಿದೆ. ಪಂಚಾಯಿತಿ ಚುನಾವಣೆಗೆ ಅವರು ಬಸ್ಸು ಹತ್ತಿ ಊರಿಗೆ ಹೋಗಿ ಮತ ಹಾಕಿ ಬರುತ್ತಾರೆ. ಅವರನ್ನು ಇಲ್ಲಿಗೆ ಎಳೆಯುವ ಅಗತ್ಯವಿಲ್ಲ. ಎರಡು ಕಡೆ ಹೆಸರಿಡುವುದಂತೂ ಅಪರಾಧ. ಅದರ ಬದಲು ಆ ಕೋಣೆಗಳ ಮಾಲೀಕರ ಮನೆಯವರೆಲ್ಲರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ.

ಓಣಿಗೆ ವಾರ್ಡು ಕಾಣುವಂತೆ ಮಾಡುವುದು

ಪಟ್ಟಿಯ ನಂತರ ಗಡಿ. ವಾರ್ಡಿನ ಚೆಕ್ಕುಬಂದಿ, ಅಂದರೆ ಪೂರ್ವಕ್ಕೆ ಯಾವ ರಸ್ತೆ, ಪಶ್ಚಿಮಕ್ಕೆ ಯಾವ ನಾಲೆ ಎಂಬ ವಿವರ, ಕ್ಷೇತ್ರ ವಿಂಗಡಣೆಯ ಅಧಿಸೂಚನೆಯಲ್ಲಿ ಇರುತ್ತದೆ. ಅದರ ಭಾಷೆ ಓದಿದವರಿಗೂ ಅರ್ಥವಾಗದಷ್ಟು ಗಡಸು. ಅದನ್ನು ಹಿಡಿದು ಗಡಿಯುದ್ದಕ್ಕೂ ನಡೆದು, ದೊಡ್ಡ ಹಾಳೆಯ ಮೇಲೆ ಕೈಯಿಂದಲೇ ನಕ್ಷೆ ಬರೆದು, ನಮ್ಮ ಜನ ಬಳಸುವ ಗುರುತುಗಳನ್ನೇ ಹಾಕಿ: ಗಿರಣಿ, ಹಾಲಿನ ಬೂತು, ಕಿರಾಣಿ ಅಂಗಡಿ, ಬಾವಿ, ಬಸ್ ನಿಲುಗಡೆ, ಮತಗಟ್ಟೆಯಿರುವ ಶಾಲೆ. ನಕ್ಷೆಯ ಮೇಲೆ ವಾರ್ಡಿನ ಸಂಖ್ಯೆ ದೊಡ್ಡದಾಗಿರಲಿ. ಗಿರಣಿಯ ಗೋಡೆಗೂ ಕಿರಾಣಿ ಅಂಗಡಿಯ ಬಾಗಿಲಿಗೂ ಅದು ತಿಂಗಳುಗಟ್ಟಲೆ ಅಂಟಿಕೊಂಡಿರಬೇಕು. ಹಿಟ್ಟು ಬೀಸುವವರೆಗೆ ನಿಂತ ಹೆಣ್ಣುಮಕ್ಕಳು ಅದನ್ನು ಓದಿಯೇ ಓದುತ್ತಾರೆ.

ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಬೇಕು: ಮೆಂಬರ್ ಏನು ಮಾಡಬಲ್ಲರು, ಏನು ಮಾಡಲಾರರು. ಇದು ನಾನು ಬಹಳ ಮುಖ್ಯವೆಂದು ಎಣಿಸುವ ಹಾಳೆ. ಬೀದಿ ದೀಪ, ಗಟಾರ, ಒಳರಸ್ತೆ, ಕಸದ ಗಾಡಿ, ಉದ್ಯಾನ, ಪಾಲಿಕೆಯ ಸಮುದಾಯ ಭವನ ಇವು ಸದಸ್ಯರ ಕೈಯಳತೆಯಲ್ಲಿರುವ ಕೆಲಸಗಳು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಸವದತ್ತಿಯ ರೇಣುಕಾಸಾಗರದಿಂದ. ನಿರಂತರ ನೀರಿನ ಯೋಜನೆಯ ಗುತ್ತಿಗೆ, ಹಣ, ಗಡುವು ಒಬ್ಬ ಸದಸ್ಯನಿಂದ ನಿರ್ಧಾರವಾಗುವಂಥವಲ್ಲ. ಆದರೆ ನಿಮ್ಮ ಓಣಿಗೆ ನೀರು ಬಿಡುವ ದಿನ ತಪ್ಪಿದರೆ ಅದನ್ನು ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಎತ್ತುವುದು ಅವರ ಕೆಲಸವೇ. ‘ಯಾರ ಬಂದ್ರೂ ನಮ್ಮ ನಳಕ್ಕ ನೀರು ಅಷ್ಟ ದಿನಕ್ಕ ಬರೂದು, ಓಟ್ ಹಾಕಿ ಏನ್ ಮಾಡೂದೈತ್ರಿ’ ಎನ್ನುವವರಿಗೆ ಈ ವ್ಯತ್ಯಾಸವನ್ನು ತಿಳಿಸಿ ಹೇಳಬೇಕು. ಎಲ್ಲವೂ ಸರಿಹೋಗುತ್ತದೆಂದು ಭರವಸೆ ಕೊಟ್ಟರೆ ನೀವೂ ಅಭ್ಯರ್ಥಿಗಳ ಸಾಲಿಗೆ ಸೇರುತ್ತೀರಿ.

ಇನ್ನು ‘ನಮ್ಮ ಒಂದು ಓಟಿನಿಂದ ಏನಾಗುತ್ತದೆ’ ಎಂಬ ಮಾತಿಗೆ ಲೆಕ್ಕವೇ ಉತ್ತರ. ಹತ್ತು ಸಾವಿರ ಮತದಾರರ ವಾರ್ಡಿನಲ್ಲಿ ಅರ್ಧ ಜನ ಬಂದು, ಆ ಐದು ಸಾವಿರ ಮತಗಳು ಐದು ಅಭ್ಯರ್ಥಿಗಳಲ್ಲಿ ಹಂಚಿಹೋದರೆ ಎರಡು ಸಾವಿರಕ್ಕೂ ಕಡಿಮೆ ಮತ ಪಡೆದವರು ಗೆಲ್ಲಬಹುದು. ಗದಗ-ಬೆಟಗೇರಿ ನಗರಸಭೆಯ 35 ವಾರ್ಡುಗಳಲ್ಲಿ ಈ ಲೆಕ್ಕ ಇನ್ನೂ ಬಿಗಿ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1.72 ಲಕ್ಷ, ವಾರ್ಡಿಗೆ ಸರಾಸರಿ ಐದು ಸಾವಿರ ಜನರೂ ಇಲ್ಲ. ಅಲ್ಲಿ ಒಂದು ಓಣಿಯ ಅರವತ್ತು ಎಪ್ಪತ್ತು ಮನೆಗಳು ಫಲಿತಾಂಶವನ್ನು ಆಚೆಯಿಂದ ಈಚೆ ಮಾಡಬಲ್ಲವು. ಲೋಕಸಭೆಯ ಮತಕ್ಕೆ ಈ ತೂಕ ಎಂದಿಗೂ ಬರುವುದಿಲ್ಲ.

ಮನೆಗೆ ಹೋಗುವವರು ಯಾರು

ಭಿತ್ತಿಪತ್ರಕ್ಕಿಂತ ಪರಿಚಿತ ಮುಖಕ್ಕೆ ಹೆಚ್ಚು ಬಲ. ಹುಬ್ಬಳ್ಳಿಯಲ್ಲಿ ಪ್ರತಿ ಓಣಿಯ ಪ್ರತಿ ಮನೆಯನ್ನೂ ಬಲ್ಲ ಒಂದು ಜಾಲ ಈಗಾಗಲೇ ಇದೆ. ಅದು ಗಣೇಶೋತ್ಸವದ ಮಂಡಳಿಗಳದ್ದು. ಗಣಪತಿಗೆ ಪಟ್ಟಿ, ಅಂದರೆ ಚಂದಾ, ಎತ್ತುವ ಹುಡುಗರಿಗೆ ಯಾವ ಮನೆಯಲ್ಲಿ ಎಷ್ಟು ಜನ, ಯಾರು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ, ಯಾರ ಮುಂದೆ ಹೇಗೆ ಮಾತಾಡಬೇಕು ಎಂಬುದೆಲ್ಲ ಬಾಯಿಪಾಠ. 2021ರ ಮತದಾನ ನಡೆದದ್ದು ಗಣೇಶ ಚತುರ್ಥಿಗೆ ಸರಿಯಾಗಿ ಒಂದು ವಾರ ಮೊದಲು. ಆ ಓಡಾಟದ ಒಂದು ಪಾಲು ಮತದಾರರ ಪಟ್ಟಿಯ ಕಡೆ ತಿರುಗಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ಮಂಡಳಿಗಳ ಪೆಂಡಾಲಿಗೆ ಹಣ ಕೊಡುವವರಲ್ಲಿ ಚುನಾವಣೆಗೆ ನಿಲ್ಲುವವರೂ ಇರುತ್ತಾರೆ. ಆದ್ದರಿಂದ ಮಂಡಳಿಯ ಹೆಸರನ್ನು ಬಳಸದೆ, ಅಲ್ಲಿನ ಇಬ್ಬರು ಮೂವರು ಹುಡುಗರನ್ನು ವ್ಯಕ್ತಿಗತವಾಗಿ ಕರೆತನ್ನಿ. ಎಲ್ಲ ಸಮುದಾಯದ ಮನೆಗಳಿಗೂ ಸಲೀಸಾಗಿ ಹೋಗಬಲ್ಲ ಗುಂಪಾಗಬೇಕಾದರೆ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ನಿವೃತ್ತ ಶಿಕ್ಷಕರು, ರೇಲ್ವೆಯಲ್ಲಿ ದುಡಿದು ನಿವೃತ್ತರಾದವರು ಜೊತೆಗಿರಬೇಕು. ಬೇರೆ ಬಡಾವಣೆಯ ಕಾಲೇಜು ಹುಡುಗರ ತಂಡ ಬಂದು ಕರಪತ್ರ ಹಂಚಿ ಹೋಗುವುದರಿಂದ ಹೆಚ್ಚೇನೂ ಆಗದು.

ಮೊದಲ ಭೇಟಿಯಲ್ಲಿ ಭಾಷಣ ಬೇಡ. ‘ನಮಸ್ಕಾರ್ರಿ ಅಕ್ಕಾರ, ನಿಮ್ಮ ಮನಿಯವರ ಹೆಸರು ಪಟ್ಟಿಯೊಳಗ ಸರಿ ಅದಾವೋ ಇಲ್ಲೋ ನೋಡಾಕ ಬಂದೀವಿ’ ಎಂದರೆ ಬಾಗಿಲು ತೆರೆಯುತ್ತದೆ, ‘ಮತ ಹಾಕುವುದು ನಿಮ್ಮ ಕರ್ತವ್ಯ’ ಎಂದರೆ ಅರ್ಧ ಮುಚ್ಚುತ್ತದೆ. ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಲೇಬಾರದು. ಅವರಾಗಿಯೇ ಹೇಳಿದರೂ ಬರೆದುಕೊಳ್ಳಬಾರದು. ಪಟ್ಟಿಯ ಪ್ರತಿಯನ್ನು ಯಾವ ಅಭ್ಯರ್ಥಿಯ ಕಡೆಯವರಿಗೂ ಕೊಡಬಾರದು, ಏಕೆಂದರೆ ಇರುವವರು ಇಲ್ಲದವರು ಎಂದು ಗುರುತು ಹಾಕಿದ ಪಟ್ಟಿ ನಕಲಿ ಮತ ಹಾಕಿಸುವವರ ಕೈಗೆ ಸಿಕ್ಕರೆ ಅದು ಅವರಿಗೆ ಬಂಗಾರ. ಕೆಲಸ ಮುಗಿದ ಮೇಲೆ ಆ ಹಾಳೆಗಳನ್ನು ಹರಿದುಹಾಕುವುದೇ ಸರಿ.

ಎರಡನೆಯ ಭೇಟಿ ಮತದಾನಕ್ಕೆ ವಾರ ಮೊದಲು. ಮನೆಯ ಪ್ರತಿಯೊಬ್ಬರ ಹೆಸರು, ವಾರ್ಡ್ ಸಂಖ್ಯೆ, ಮತಗಟ್ಟೆಯ ಶಾಲೆ, ಕೊಠಡಿ, ಕ್ರಮಸಂಖ್ಯೆ ಇಷ್ಟನ್ನು ಬರೆದ ಚೀಟಿ ಕೊಡಿ. ಅಭ್ಯರ್ಥಿಗಳ ಕಡೆಯವರೂ ಚೀಟಿ ಕೊಡುತ್ತಾರೆ, ಆದರೆ ಅವರ ಚೀಟಿ ತಮಗೆ ಮತ ಹಾಕುವರೆಂದು ನಂಬಿದ ಮನೆಗಳಿಗಷ್ಟೇ ತಲುಪುತ್ತದೆ. ಬಿಟ್ಟುಹೋದ ಮನೆಗಳೇ ನಿಮ್ಮ ಗುರಿ. ಆಗ ಯಾವ ಹೊತ್ತಿಗೆ ಹೋಗುತ್ತೀರಿ, ಯಾರ ಜೊತೆ ಹೋಗುತ್ತೀರಿ ಎಂದು ಕೇಳಿ ಬನ್ನಿ. ಹೊತ್ತು ಹೇಳಿದವರು ಸಾಮಾನ್ಯವಾಗಿ ಹೋಗಿಯೇ ಹೋಗುತ್ತಾರೆ.

ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ತರುವುದು

ಚುನಾವಣಾಧಿಕಾರಿಯ ಅನುಮತಿ ಪಡೆದು, ನಾಮಪತ್ರ ಹಿಂತೆಗೆಯುವ ದಿನ ಮುಗಿದ ನಂತರ ಎಲ್ಲ ಅಭ್ಯರ್ಥಿಗಳನ್ನೂ ಒಂದು ಸಂಜೆ ಕರೆಯಿರಿ. ಗುಡಿಯ ಕಟ್ಟೆ, ದರ್ಗಾದ ಅಂಗಳ ಅನುಕೂಲವೆನಿಸಿದರೂ ಧಾರ್ಮಿಕ ಸ್ಥಳವನ್ನು ಪ್ರಚಾರಕ್ಕೆ ಬಳಸುವಂತಿಲ್ಲ. ಸಮುದಾಯ ಭವನವೋ ಬಯಲೋ ಆಗಬಹುದು. ಒಬ್ಬರಿಗೆ ಐದು ನಿಮಿಷ, ನಂತರ ಓಣಿಯವರು ಮೊದಲೇ ಬರೆದುಕೊಟ್ಟ ಪ್ರಶ್ನೆಗಳು. ಪ್ರಶ್ನೆಗಳು ವಾರ್ಡಿನ ಗಡಿ ದಾಟದಂತೆ ನಿರ್ವಾಹಕರು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮಾತು ಹತ್ತು ನಿಮಿಷದಲ್ಲಿ ದಿಲ್ಲಿಗೆ ಮುಟ್ಟುತ್ತದೆ. ಮಹಿಳೆಯರಿಗೆ ಮೀಸಲಾದ ವಾರ್ಡಿನಲ್ಲಿ ಅಭ್ಯರ್ಥಿಯೇ ಬಂದು ಮಾತಾಡಬೇಕು ಎಂಬ ಷರತ್ತನ್ನು ಆಹ್ವಾನದಲ್ಲಿಯೇ ಬರೆಯಿರಿ. ಗಂಡನೋ ಮೈದುನನೋ ಬಂದರೆ ಶ್ರೋತೃಗಳ ಸಾಲಿನಲ್ಲಿ ಕುರ್ಚಿ ಕೊಡಿ. ನಾಮಪತ್ರದೊಂದಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಆಸ್ತಿ ಮತ್ತು ಅಪರಾಧ ಪ್ರಕರಣಗಳ ವಿವರ ಇರುತ್ತದೆ. ಅದನ್ನು ಟಿಪ್ಪಣಿಯಿಲ್ಲದೆ, ಎಲ್ಲ ಅಭ್ಯರ್ಥಿಗಳದ್ದನ್ನೂ ಒಂದೇ ಅಳತೆಯ ಹಾಳೆಯಲ್ಲಿ ಅಂಟಿಸಿದರೆ ಸಾಕು.

ಮತದಾನದ ದಿನ

ಬೆಳಗಿನ ಮೊದಲ ಎರಡು ತಾಸು ಹಿರಿಯರಿಗೆ ಒಳ್ಳೆಯದು. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಅತಿ ವೃದ್ಧರ ಮನೆಗೇ ಬಂದು ಮತ ಪಡೆದದ್ದನ್ನು ನೆನಪಿಟ್ಟ ಅಜ್ಜ ಅಜ್ಜಿಯರು ಈ ಬಾರಿಯೂ ಬರುತ್ತಾರೆಂದು ಕಾದು ಕೂರಬಹುದು. ಸ್ಥಳೀಯ ಚುನಾವಣೆಯ ವ್ಯವಸ್ಥೆ ಬೇರೆಯಾದ್ದರಿಂದ ಮೊದಲೇ ವಿಚಾರಿಸಿ, ಗಾಲಿಕುರ್ಚಿ ಇದೆಯೇ, ಇಳಿಜಾರು ದಾರಿ ಇದೆಯೇ ಎಂದು ಹಿಂದಿನ ದಿನವೇ ಶಾಲೆಗೆ ಹೋಗಿ ನೋಡಿ ಬನ್ನಿ. ಅಭ್ಯರ್ಥಿ ಕಳಿಸಿದ ಆಟೋದಲ್ಲಿ ಯಾರನ್ನೂ ಹತ್ತಿಸಬೇಡಿ. ಮತದಾರರನ್ನು ಸಾಗಿಸಲು ಅಭ್ಯರ್ಥಿ ವಾಹನ ಒದಗಿಸುವುದು ಭ್ರಷ್ಟ ಆಚರಣೆ. ನೆರೆಮನೆಯ ಅಜ್ಜಿಯನ್ನು ನಿಮ್ಮ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಅಮರಗೋಳದ ಎಪಿಎಂಸಿಯ ಹಮಾಲರು, ತಾರಿಹಾಳ ಮತ್ತು ಗೋಕುಲ ರಸ್ತೆಯ ಕಾರ್ಖಾನೆಗಳ ಕಾರ್ಮಿಕರು, ಹೋಟೆಲಿನವರು, ಪೌರಕಾರ್ಮಿಕರು ಬಿಡುವು ಸಿಗದೆ ಉಳಿಯುವವರಲ್ಲಿ ಮೊದಲಿಗರು. ರಜೆ ಘೋಷಣೆಯಾದರೂ ದಿನಗೂಲಿಯವರಿಗೆ ಆ ದಿನ ಸಂಬಳವಿಲ್ಲದ ದಿನವೇ ಆಗಬಹುದು. ಮಾಲೀಕರನ್ನು, ಮೇಸ್ತ್ರಿಯನ್ನು ವಾರ ಮೊದಲೇ ಕಂಡು, ಬೆಳಿಗ್ಗೆ ಎರಡು ತಾಸು ತಡವಾಗಿ ಬಂದರೂ ಕೂಲಿ ಕಡಿಯಬಾರದೆಂದು ಮಾತಾಡಿಕೊಳ್ಳಿ. ಒಬ್ಬ ಮೇಸ್ತ್ರಿ ಒಪ್ಪಿದರೆ ಇಪ್ಪತ್ತು ಮತ ಬರುತ್ತದೆ. ಮತದಾನ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುವವರೆಲ್ಲರಿಗೂ ಮತ ಹಾಕುವ ಹಕ್ಕಿದೆ ಎಂಬುದನ್ನು ಇವರಿಗೆ ವಿಶೇಷವಾಗಿ ತಿಳಿಸಿ. ಯಾವ ಅಭ್ಯರ್ಥಿಯೂ ಮನಸ್ಸಿಗೆ ಒಪ್ಪದವರಿಗೆ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ 2018ರಿಂದ ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆ, ಇದೆ.

ಹಳ್ಳಿಯ ಮಾತು ಬೇರೆ

ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಮತ ಪ್ರಮಾಣ ಏರಿಸಲು ಶ್ರಮಿಸುವ ಅಗತ್ಯ ಅಷ್ಟಾಗಿ ಇಲ್ಲ. ಅಲ್ಲಿ ಎರಡು ಕೆಲಸಗಳಿವೆ. ಒಂದು, ಗ್ರಾಮ ಪಂಚಾಯಿತಿಯ ಕ್ಷೇತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವುದು ಸಾಮಾನ್ಯ, ಎಷ್ಟು ಸ್ಥಾನಗಳೋ ಅಷ್ಟು ಮತ ಹಾಕುವ ಹಕ್ಕು ಪ್ರತಿ ಮತದಾರನಿಗಿದೆ. ಪಕ್ಷದ ಚಿಹ್ನೆಯೂ ಇರುವುದಿಲ್ಲ. ಒಬ್ಬರಿಗೇ ಮತ ಹಾಕಿ ಬರುವವರೂ ಇದ್ದಾರೆ, ಹೆಚ್ಚು ಗುರುತು ಹಾಕಿ ಮತವನ್ನೇ ಕೆಡಿಸುವವರೂ ಇದ್ದಾರೆ. ಮಾದರಿ ಮತಪತ್ರವನ್ನು ಕಟ್ಟೆಯ ಮೇಲೆ ಹಾಸಿ, ಹೊಸದಾಗಿ ಮತ ಹಾಕುವವರ ಕೈಯಲ್ಲಿ ಒಂದೆರಡು ಸಲ ಗುರುತು ಹಾಕಿಸಿದರೆ ಇದು ಮುಗಿಯುತ್ತದೆ. ಗಜೇಂದ್ರಗಡ, ಮುಂಡರಗಿ ಕಡೆಯ ತಾಂಡಾಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದವರನ್ನು ಮತಕ್ಕಾಗಿ ಕರೆಸುವ ವ್ಯವಸ್ಥೆಯನ್ನು ಅಭ್ಯರ್ಥಿಗಳೇ ತಮ್ಮ ಲೆಕ್ಕದಲ್ಲಿ ಮಾಡುತ್ತಾರೆ; ನಿಮ್ಮ ಗುಂಪು ಅದರಲ್ಲಿ ಬೀಳದಿರುವುದೇ ಲೇಸು.

ಎರಡನೆಯದು, ಮತ ಹಾಕಿದ ಜನ ಸಭೆಗೆ ಬಾರದಿರುವುದು. ಶೇ 80 ಜನ ಮತ ಹಾಕಿದ ಊರಿನಲ್ಲಿ ವಾರ್ಡ್ ಸಭೆಗೆ ಹತ್ತಿಪ್ಪತ್ತು ಜನ ಸೇರುವುದು ಕಷ್ಟ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ವಾರ್ಡ್ ಸಭೆಯೂ ಗ್ರಾಮ ಸಭೆಯೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸಭೆಯ ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಆ ವಾರ್ಡಿನ ಮತದಾರರ ಹತ್ತನೇ ಒಂದು ಪಾಲು ಅಥವಾ ಇಪ್ಪತ್ತು ಜನ, ಎರಡರಲ್ಲಿ ಕಡಿಮೆಯಾದದ್ದು. ಮನೆ ಯಾರಿಗೆ, ದನದ ಕೊಟ್ಟಿಗೆ ಯಾರಿಗೆ, ಚರಂಡಿ ಯಾವ ಓಣಿಗೆ ಎಂಬ ಫಲಾನುಭವಿಗಳ ಪಟ್ಟಿ ಅಲ್ಲಿಯೇ ಹುಟ್ಟಬೇಕು. ಸಭೆಯನ್ನು ಬಿತ್ತನೆಯ ದಿನಗಳಲ್ಲಿ ಇಟ್ಟರೆ, ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ಮಾರುಕಟ್ಟೆ ನಡೆಯುವ ಸೋಮವಾರ ಗುರುವಾರಗಳಂದು ಇಟ್ಟರೆ, ಜನ ಬರಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ದಿನಾಂಕ ಗೊತ್ತುಮಾಡುವ ಮುನ್ನವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕಂಡು ಊರಿಗೆ ಒಗ್ಗುವ ದಿನವನ್ನು ಬರವಣಿಗೆಯಲ್ಲಿ ಸೂಚಿಸಿ. ಸಭೆಯಲ್ಲಿ ಆದ ತೀರ್ಮಾನವನ್ನು ಅಲ್ಲಿಯೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಖಾಲಿ ಪುಟಕ್ಕೆ ಸಹಿ ಹಾಕುವ ರೂಢಿಯನ್ನು ಮಹಿಳಾ ಸಂಘದವರು ಮೊದಲು ನಿಲ್ಲಿಸಿದರೆ ಗಂಡಸರೂ ನಿಲ್ಲಿಸುತ್ತಾರೆ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಪಾಡು ಇನ್ನೂ ಬೇರೆ. 2016ರ ಫೆಬ್ರುವರಿಯಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ಮುಗಿದ ಮೇಲೆ ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು.

ಗೆದ್ದವರು ಕುರ್ಚಿಯಲ್ಲಿ ಕೂತ ಮೇಲೆ

ಮುಂದಿನ ಚುನಾವಣೆಯ ಮತ ಪ್ರಮಾಣ ಈ ಐದು ವರ್ಷಗಳಲ್ಲಿ ತಯಾರಾಗುತ್ತದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ಕರ್ನಾಟಕದ ಪಾಲಿಕೆಗಳ ಕಾನೂನಿನಲ್ಲಿ ಪ್ರತಿ ವಾರ್ಡಿಗೂ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಜನ ನಿವಾಸಿಗಳ ಸಮಿತಿ, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕೆಂದಿದೆ. ಸಮಿತಿ ರಚನೆಯಾಗಿದ್ದರೆ ತಿಂಗಳ ಸಭೆಯ ದಿನವನ್ನು ಗಿರಣಿಯ ಗೋಡೆಗೆ ಅಂಟಿಸಿ, ಆಗಿರದಿದ್ದರೆ ಪಾಲಿಕೆ ಆಯುಕ್ತರಿಗೆ ಓಣಿಯವರೆಲ್ಲರ ಸಹಿಯೊಂದಿಗೆ ಬರೆಯಿರಿ. ಸದಸ್ಯರ ಅನುಯಾಯಿಗಳೇ ಸಮಿತಿಯಲ್ಲಿ ತುಂಬಿಕೊಳ್ಳುವ ಅಪಾಯ ನಿಜವಾದದ್ದು, ಆದರೂ ಇಲ್ಲದ ಸಮಿತಿಗಿಂತ ಇರುವ ಸಮಿತಿಯೊಂದಿಗೆ ಜಗಳವಾಡುವುದು ಸುಲಭ. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರುಗಳ ಜನಸಂಖ್ಯೆ ಆ ಮಿತಿಗಿಂತ ಕಡಿಮೆ. ಅಲ್ಲಿನವರು ಸದಸ್ಯರನ್ನು ಮೂರು ತಿಂಗಳಿಗೊಮ್ಮೆ ಓಣಿಗೆ ಕರೆದು ಲೆಕ್ಕ ಕೇಳುವ ರೂಢಿಯನ್ನು ತಾವೇ ಹಾಕಿಕೊಳ್ಳಬೇಕು.

ಲೆಕ್ಕ ಕೇಳಲು ಕೈಯಲ್ಲಿ ಕಾಗದ ಬೇಕು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ, ಕರ್ನಾಟಕದ ನಿಯಮದಂತೆ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗೆ ಅರ್ಜಿ ಬರೆದರೆ 30 ದಿನಗಳಲ್ಲಿ ಉತ್ತರ ಬರಬೇಕು. ‘ನಮ್ಮ ವಾರ್ಡಿನ ಎಲ್ಲ ಕಾಮಗಾರಿಗಳ ಮಾಹಿತಿ’ ಎಂದು ಕೇಳಿದರೆ ‘ಕಚೇರಿಗೆ ಬಂದು ಕಡತ ನೋಡಿಕೊಳ್ಳಿ’ ಎಂಬ ಉತ್ತರ ಸಿಗುತ್ತದೆ. ಇಂಥ ಆರ್ಥಿಕ ವರ್ಷದಲ್ಲಿ ಇಂಥ ಸಂಖ್ಯೆಯ ವಾರ್ಡಿನಲ್ಲಿ ಮಂಜೂರಾದ ಗಟಾರ ಕಾಮಗಾರಿಗಳು, ಪ್ರತಿಯೊಂದರ ಅಂದಾಜು ಮೊತ್ತ, ಪಾವತಿಯಾದ ಮೊತ್ತ, ಗುತ್ತಿಗೆದಾರರ ಹೆಸರು, ಮುಗಿದ ದಿನಾಂಕ ಎಂದು ಕೇಳಿ. ಉತ್ತರ ಬಂದ ದಿನ ಆ ಪಟ್ಟಿಯನ್ನು ಹಿಡಿದು, ಸಾಧ್ಯವಾದರೆ ಸದಸ್ಯರನ್ನೂ ಜೊತೆಗೆ ಕರೆದುಕೊಂಡು, ಓಣಿ ಓಣಿ ನಡೆದು ಪ್ರತಿ ಗಟಾರವೂ ಕಾಗದದಲ್ಲಿ ಇರುವಂತೆ ನೆಲದ ಮೇಲೂ ಇದೆಯೇ ಎಂದು ನೋಡಿ ಬನ್ನಿ.